ಕೀಟಗಳ ಛಾಯಾಚಿತ್ರಕ್ಕೆ ಮೊದಲ ಮಸೂರ

ಕೆರೆಯ ದಂಡೆಯ ಜೊಂಡಿನ ಮೇಲೆ ಬೆಳಗಿನ ಹೊತ್ತು ಕುಳಿತಿರುವ ಡ್ಯಾಮ್ಸೆಲ್‌ಫ್ಲೈ ಎಂಬ ಕೀಟವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಡ್ರ್ಯಾಗನ್‌ಫ್ಲೈಗೆ ಇದು ಹತ್ತಿರದ ನೆಂಟ. ಮೈ ಮಾತ್ರ ದರ್ಭೆಯ ಕಡ್ಡಿಯಷ್ಟು ತೆಳುವು. ಇದರ ಒಂದು ಜಾತಿಯನ್ನು ಮತ್ತೊಂದರಿಂದ ಬೇರ್ಪಡಿಸಿ ಗುರುತಿಸಬೇಕಾದರೆ ಬಣ್ಣವೊಂದನ್ನೇ ನಂಬಿದರೆ ಸಾಲದು. ಗಂಡುಕೀಟದ ಉದರದ ತುದಿಯಲ್ಲಿ, ಕೂಡುವಾಗ ಹೆಣ್ಣನ್ನು ಹಿಡಿದುಕೊಳ್ಳುವುದಕ್ಕಾಗಿ, ಚಿಮಟದಂಥ ಪುಟ್ಟ ಅಂಗಗಳಿರುತ್ತವೆ. ಅವುಗಳ ಆಕಾರವನ್ನು ನೋಡಬೇಕು. ಹಲವು ಜಾತಿಗಳಲ್ಲಿ ಆ ಅಂಗಗಳ ಉದ್ದ ಒಂದು ಮಿಲಿಮೀಟರಿಗಿಂತಲೂ ಕಡಿಮೆ.

ಹಿಂದೆ ಇಂಥ ಕೀಟವನ್ನು ಗುರುತಿಸಬೇಕಾದರೆ ಅದನ್ನು ಬಲೆಯಿಂದ ಹಿಡಿದು, ಕೊಂದು, ಸೂಜಿಗೆ ಚುಚ್ಚಿ, ಭೂತಗನ್ನಡಿಯ ಅಡಿಯಲ್ಲಿಟ್ಟು ನೋಡುವುದೇ ಕ್ರಮವಾಗಿತ್ತು. ಕೆಲವು ಗುಂಪುಗಳ ವಿಷಯದಲ್ಲಿ ಇಂದಿಗೂ ಅದು ಅನಿವಾರ್ಯ. ಆದರೆ ಬೇಕಾದ ಅಂಗಗಳೆಲ್ಲ ಸ್ಫುಟವಾಗಿ ಮೂಡಿರುವ ಒಂದು ಛಾಯಾಚಿತ್ರ, ತೆಗೆದ ದಿನ ಮತ್ತು ಸ್ಥಳಗಳ ವಿವರದೊಡನೆ, ಅನೇಕ ಕೀಟಗಳ ವಿಷಯದಲ್ಲಿ ತಜ್ಞರ ಮುಂದೆ ಇಡತಕ್ಕ ಸಾಕ್ಷ್ಯವಾಗಬಲ್ಲುದು. ಇಂಥ ಚಿತ್ರ ತೆಗೆಯಲು ಪ್ರಯೋಗಶಾಲೆ ಬೇಡ. ಒಂದು ಕ್ಯಾಮೆರಾ, ಅದಕ್ಕೆ ತಕ್ಕ ಒಂದು ಮಸೂರ ಸಾಕು. ಆ ತಕ್ಕ ಮಸೂರ ಯಾವುದು ಎಂಬುದೇ ಪ್ರಶ್ನೆ. ಒಳ್ಳೆಯ ಮ್ಯಾಕ್ರೋ ಮಸೂರವೊಂದರ ಬೆಲೆ ಹತ್ತಾರು ಸಾವಿರ ರೂಪಾಯಿ. ವಿದ್ಯಾರ್ಥಿಯು ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಒಮ್ಮೆಗೇ ಅದಕ್ಕೆ ಸುರಿಯಬೇಕಾಗುತ್ತದೆ. ಆಯ್ಕೆ ತಪ್ಪಿದರೆ ಮತ್ತೊಂದನ್ನು ಕೊಳ್ಳುವ ಅನುಕೂಲ ಎಲ್ಲರಿಗೂ ಇರದು.

ನಮಗೇ ಆದ ಅನುಭವವನ್ನು ಮೊದಲು ಹೇಳಿಬಿಡುತ್ತೇವೆ. ಮೊದಲ ಮಸೂರವನ್ನು ಕೊಳ್ಳುವಾಗ ನಾವು ನೋಡಿದ್ದು ಎರಡೇ ಸಂಗತಿಗಳನ್ನು: ಅದರ ಮೇಲೆ 1:1 ಎಂದು ಬರೆದಿದೆಯೇ, ಬೆಲೆ ಕಡಿಮೆಯೇ ಎಂದು. ಎರಡೂ ಹೊಂದಿದ ಗಿಡ್ಡ ಮಸೂರವೊಂದನ್ನು ತಂದು ಮನೆಯಲ್ಲಿ ಅಂಚೆಚೀಟಿಗಳ ಮೇಲೂ ಹೂವಿನ ಕೇಸರಗಳ ಮೇಲೂ ಪರೀಕ್ಷಿಸಿದೆವು. ಚಿತ್ರಗಳು ಬಹು ಚೆನ್ನಾಗಿದ್ದವು. ಆಮೇಲೆ ಕೆರೆಯ ದಂಡೆಗೆ ಹೋದೆವು. ಡ್ಯಾಮ್ಸೆಲ್‌ಫ್ಲೈ ಪೂರ್ಣಾಕಾರದಲ್ಲಿ ಮೂಡಬೇಕಾದರೆ ಮಸೂರದ ಮೂತಿ ಅದರಿಂದ ನಾಲ್ಕು ಬೆರಳಿನಷ್ಟು ದೂರಕ್ಕೆ ಬರಬೇಕಾಗಿತ್ತು. ಅಷ್ಟು ಹತ್ತಿರ ಬರುವುದರೊಳಗೆ ನಮ್ಮ ನೆರಳು ಅದರ ಮೇಲೆ ಬೀಳುತ್ತಿತ್ತು, ಇಲ್ಲವೇ ಜೊಂಡು ಅಲುಗುತ್ತಿತ್ತು, ಕೀಟ ಹಾರಿಹೋಗುತ್ತಿತ್ತು. ಆ ದಿನ ನಮಗೆ ದೊರೆತದ್ದು ಬರಿಯ ಜೊಂಡಿನ ಚಿತ್ರಗಳು. ಮಸೂರದಲ್ಲಿ ದೋಷವೇನೂ ಇರಲಿಲ್ಲ. ನಾವು ಕೇಳಬೇಕಾಗಿದ್ದ ಮೂರನೆಯ ಪ್ರಶ್ನೆಯೊಂದನ್ನು ಕೇಳಿರಲಿಲ್ಲ, ಅಷ್ಟೆ. ಆ ಪ್ರಶ್ನೆಯನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವರ್ಧನವೆಂದರೇನು?

ಕ್ಯಾಮೆರಾದೊಳಗೆ ಹಿಂದಿನ ಕಾಲದಲ್ಲಿ ಫಿಲ್ಮು ಇರುತ್ತಿದ್ದ ಜಾಗದಲ್ಲಿ ಈಗ ಸಂವೇದಕ ಫಲಕವಿರುತ್ತದೆ. ವಸ್ತುವಿನ ಪ್ರತಿಬಿಂಬ ಬೀಳುವುದು ಇದರ ಮೇಲೆ. ಪ್ರತಿಬಿಂಬದ ಉದ್ದವನ್ನು ವಸ್ತುವಿನ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ವರ್ಧನ. 10 ಮಿ.ಮೀ. ಉದ್ದದ ಜೇನುನೊಣದ ಪ್ರತಿಬಿಂಬ ಫಲಕದ ಮೇಲೆ 10 ಮಿ.ಮೀ. ಇದ್ದರೆ ವರ್ಧನ 1:1, ಐದೇ ಮಿ.ಮೀ. ಇದ್ದರೆ 1:2. ಆ ಬಳಿಕ ಚಿತ್ರವನ್ನು ಗೋಡೆಯಗಲ ಹಿಗ್ಗಿಸಿ ತೋರಿಸಿದರೂ ಈ ಸಂಖ್ಯೆ ಬದಲಾಗುವುದಿಲ್ಲ.

ಇದರ ಮಹತ್ವವನ್ನು ಒಂದು ಸರಳ ಲೆಕ್ಕದಿಂದ ಅರಿಯಬಹುದು. ದೊಡ್ಡ ಬಗೆಯ ಸಂವೇದಕ ಫಲಕದ ಅಗಲ 36 ಮಿ.ಮೀ., ಎತ್ತರ 24 ಮಿ.ಮೀ. ಅದರ ಅಗಲದಲ್ಲಿ 6000 ಪಿಕ್ಸೆಲ್‌ಗಳು, ಎಂದರೆ ಬೆಳಕನ್ನು ಗುರುತಿಸುವ 6000 ಬಿಂದುಗಳು, ಸಾಲಾಗಿವೆ ಎಂದುಕೊಳ್ಳೋಣ. ಆಗ ಒಂದು ಮಿ.ಮೀ.ಗೆ ಸುಮಾರು 166 ಬಿಂದುಗಳಾದುವು. ಒಂದು ಮಿ.ಮೀ. ಉದ್ದದ ಅಂಗವನ್ನು 1:1ರಲ್ಲಿ ಹಿಡಿದರೆ ಅದರ ಆಕಾರವನ್ನು 166 ಬಿಂದುಗಳು ವರ್ಣಿಸುತ್ತವೆ. 1:4ರಲ್ಲಿ ಹಿಡಿದರೆ 41 ಬಿಂದುಗಳು ಮಾತ್ರ. ಅಷ್ಟರಿಂದ ಚಿಮಟದ ತುದಿ ಬಾಗಿದೆಯೋ ಕವಲೊಡೆದಿದೆಯೋ ಹೇಳುವುದು ಕಷ್ಟ.

ಕೊಳ್ಳುವವರು ಇಲ್ಲಿ ಎಚ್ಚರ ವಹಿಸಬೇಕು. ಕೆಲವು ಸಾಮಾನ್ಯ ಜೂಮ್ ಮಸೂರಗಳ ಮೇಲೂ ಮ್ಯಾಕ್ರೋ ಎಂಬ ಮಾತನ್ನು ಬರೆದಿರುತ್ತಾರೆ. ಅವುಗಳಲ್ಲಿ ಹಲವು 1:4ರಷ್ಟು ವರ್ಧನವನ್ನು ಮಾತ್ರ ಕೊಡುತ್ತವೆ. ಹಳೆಯ ಮ್ಯಾಕ್ರೋ ಮಸೂರಗಳಲ್ಲಿ ಅನೇಕವು 1:2ಕ್ಕೆ ನಿಂತುಬಿಡುತ್ತವೆ. ಮತ್ತೊಂದು ಪ್ರಸಿದ್ಧ ಸಂಸ್ಥೆಯಾದ ನಿಕಾನ್ ತನ್ನ ಇದೇ ಬಗೆಯ ಮಸೂರಗಳನ್ನು ಮೈಕ್ರೋ ಎಂದು ಕರೆಯುತ್ತದೆ. ಕೆಲಸ ಮಾತ್ರ ಒಂದೇ. ಆದುದರಿಂದ ಹೆಸರನ್ನು ಬಿಟ್ಟು ಸಂಖ್ಯೆಯನ್ನು ನೋಡಬೇಕು.

ಎಲ್ಲ ಕೀಟಗಳಿಗೂ 1:1 ಬೇಕೆಂದೇನೂ ಇಲ್ಲ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಹರಡಿದ ರೆಕ್ಕೆಗಳ ಅಗಲ 15 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ, ಅದು ಚಿತ್ರದ ಚೌಕಟ್ಟಿನಲ್ಲಿ ಹಿಡಿಸಬೇಕಾದರೆ 1:4ಕ್ಕಿಂತ ಹೆಚ್ಚಿನ ವರ್ಧನ ಕೂಡದು. 5–6 ಸೆಂ.ಮೀ. ಅಗಲದ ಚಿಟ್ಟೆಗಳಿಗೆ 1:2 ಸಾಕು. ಡ್ಯಾಮ್ಸೆಲ್‌ಫ್ಲೈ, ಜೇನು, ನೊಣ, ಚಗಳಿ ಇರುವೆ, ಇಂಥವುಗಳ ವಿಷಯದಲ್ಲಿ ಮಾತ್ರ 1:1 ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಎದುರಿನ ತೆರವು

1:1 ಕೊಡುವ ಮಸೂರಗಳು 50 ಮಿ.ಮೀ.ನಿಂದ 200 ಮಿ.ಮೀ.ವರೆಗಿನ ನಾನಾ ಸಂಗಮದೂರಗಳಲ್ಲಿ ದೊರೆಯುತ್ತವೆ. ಎಲ್ಲವೂ ಕೀಟವನ್ನು ಒಂದೇ ಗಾತ್ರದಲ್ಲಿ ಮೂಡಿಸುವುದಾದರೆ ಅವುಗಳಲ್ಲಿರುವ ಭೇದವೇನು? ಶಾಲೆಯಲ್ಲಿ ಕಲಿತ ಮಸೂರದ ಸೂತ್ರವನ್ನು ನೆನೆದರೆ ಉತ್ತರ ಹೊಳೆಯುತ್ತದೆ. ಪ್ರತಿಬಿಂಬ ವಸ್ತುವಿನಷ್ಟೇ ದೊಡ್ಡದಾಗಬೇಕಾದರೆ ವಸ್ತುವು ಮಸೂರದಿಂದ ಸಂಗಮದೂರದ ಎರಡರಷ್ಟು ದೂರದಲ್ಲಿರಬೇಕು. 50 ಮಿ.ಮೀ. ಮಸೂರಕ್ಕೆ ಈ ದೂರ 100 ಮಿ.ಮೀ.; 100 ಮಿ.ಮೀ. ಮಸೂರಕ್ಕೆ 200 ಮಿ.ಮೀ. ಸಂಗಮದೂರ ಹೆಚ್ಚಿದಷ್ಟೂ ಅದೇ ಗಾತ್ರದ ಚಿತ್ರವನ್ನು ಹೆಚ್ಚು ದೂರದಿಂದ ತೆಗೆಯಬಹುದು.

ಇದು ಒಂಟಿ ತೆಳು ಮಸೂರದ ಲೆಕ್ಕ. ಅಂಗಡಿಯಲ್ಲಿ ದೊರೆಯುವ ಮಸೂರದಲ್ಲಿ ಹಲವಾರು ಗಾಜುಗಳ ಜೋಡಣೆ ಇರುತ್ತದೆ. ಹತ್ತಿರದ ವಸ್ತುವಿಗೆ ಹೊಂದಿಸಿದಾಗ ಎಷ್ಟೋ ಮಸೂರಗಳ ಸಂಗಮದೂರವೇ ಕಡಿಮೆಯಾಗುತ್ತದೆ. ಆದುದರಿಂದ ಮಸೂರದ ಮೂತಿಗೂ ಕೀಟಕ್ಕೂ ನಡುವೆ ಉಳಿಯುವ ತೆರವು ಎಷ್ಟೆಂಬುದನ್ನೇ ವಿಚಾರಿಸಬೇಕು. 1:1ರಲ್ಲಿ ಈ ತೆರವು 50–60 ಮಿ.ಮೀ. ಮಸೂರಗಳಲ್ಲಿ ಸುಮಾರು 5ರಿಂದ 9 ಸೆಂ.ಮೀ.; 90–105 ಮಿ.ಮೀ. ಮಸೂರಗಳಲ್ಲಿ ಸುಮಾರು 10ರಿಂದ 15 ಸೆಂ.ಮೀ.; 150–200 ಮಿ.ಮೀ. ಮಸೂರಗಳಲ್ಲಿ ಸುಮಾರು 19ರಿಂದ 26 ಸೆಂ.ಮೀ. ನಾವು ಕೇಳದೆ ಬಿಟ್ಟ ಮೂರನೆಯ ಪ್ರಶ್ನೆ ಇದೇ.

ಮಸೂರದ ವಿವರಪತ್ರದಲ್ಲಿ ಕನಿಷ್ಠ ದೂರವೆಂದು ಅಚ್ಚಾಗಿರುವ ಸಂಖ್ಯೆಯನ್ನು ಈ ತೆರವೆಂದು ಭ್ರಮಿಸಬಾರದು. ಆ ದೂರವನ್ನು ಅಳೆಯುವುದು ಕೀಟದಿಂದ ಸಂವೇದಕ ಫಲಕದವರೆಗೆ. ಹಲವು ಕ್ಯಾಮೆರಾಗಳ ಮೇಲ್ಮೈಯಲ್ಲಿ, ಒಂದು ವೃತ್ತವನ್ನು ಗೆರೆಯೊಂದು ಸೀಳಿದಂತೆ ಕಾಣುವ ಗುರುತು ಇರುತ್ತದೆ. ಫಲಕವಿರುವ ಜಾಗವನ್ನು ಅದು ಸೂಚಿಸುತ್ತದೆ. 100 ಮಿ.ಮೀ. ಮಸೂರವೊಂದರ ಕನಿಷ್ಠ ದೂರ 30 ಸೆಂ.ಮೀ. ಎಂದಿರಲಿ. ಅದರಲ್ಲಿ ಮಸೂರದ ಉದ್ದವೇ ಸುಮಾರು 12 ಸೆಂ.ಮೀ.; ಕನ್ನಡಿಯುಳ್ಳ ಕ್ಯಾಮೆರಾದಲ್ಲಿ ಮಸೂರದ ಹಿಂಬದಿಯಿಂದ ಫಲಕಕ್ಕೆ ಮತ್ತೆ ನಾಲ್ಕೂವರೆ ಸೆಂ.ಮೀ. ಕಳೆದರೆ ಉಳಿಯುವುದು 13–14 ಸೆಂ.ಮೀ. ಮಾತ್ರ. ಬಿಸಿಲುಮರೆಯನ್ನು ಸಿಕ್ಕಿಸಿದರೆ ಅದೂ ಕಿರಿದಾಗುತ್ತದೆ.

ಗಿಡ್ಡ ಮಸೂರಗಳನ್ನು ಹಾಗಾದರೆ ಏಕೆ ತಯಾರಿಸಿದರು ಎಂಬ ಸಂದೇಹ ಬರಬಹುದು. ಇದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. 35 ಮಿ.ಮೀ. ಫಿಲ್ಮಿನ ಕ್ಯಾಮೆರಾಗಳಿಗೆಂದು ಮ್ಯಾಕ್ರೋ ಎಂಬ ಹೆಸರಿನೊಡನೆ 1955ರಲ್ಲಿ ಹೊರಬಂದ ಮ್ಯಾಕ್ರೋ-ಕಿಲಾರ್ ಮಸೂರದ ಸಂಗಮದೂರ 40 ಮಿ.ಮೀ. 1956ರಲ್ಲಿ ಬಂದ ಮೊದಲ ಮೈಕ್ರೋ-ನಿಕ್ಕೋರ್ ಮಸೂರದ್ದು 50 ಮಿ.ಮೀ. ಈ ಎರಡನೆಯದನ್ನು ರೂಪಿಸಿದ ಉದ್ದೇಶ ಜಪಾನೀ ಭಾಷೆಯ ಪುಸ್ತಕಗಳನ್ನೂ ಕಾಗದಪತ್ರಗಳನ್ನೂ ಕಿರುಫಿಲ್ಮಿನಲ್ಲಿ ಅಡಕವಾಗಿ ಇಳಿಸುವುದಾಗಿತ್ತು. ಅಲ್ಲಿಯ ಲಿಪಿಯ ಗೆರೆಗಳು ಬಹು ಜಟಿಲವಾದುದರಿಂದ ಅಂಚಿನವರೆಗೂ ಸ್ಫುಟವಾದ ಬಿಂಬ ಬೇಕಾಗಿತ್ತು. ಕಾಗದವಾದರೋ ಹಾರಿಹೋಗುವುದಿಲ್ಲ, ಅದರ ಬಳಿಗೆ ಎಷ್ಟು ಸರಿದರೂ ತೊಂದರೆಯಿಲ್ಲ. ಗಿಡ್ಡ ಮಸೂರ ಇಂದಿಗೂ ಅಂಚೆಚೀಟಿ, ನಾಣ್ಯ, ಎಲೆ, ಕಾಗದಗಳಿಗೆ ಉತ್ತಮವಾದದ್ದೇ. ಜೀವಂತ ಕೀಟದ ಮುಂದೆ ಮಾತ್ರ ಅದರ ಮಿತಿ ಹೊರಬೀಳುತ್ತದೆ.

ತೆರವು ಹೆಚ್ಚಾದರೆ ಲಾಭ ಕೀಟ ಬೆದರದಿರುವುದಷ್ಟೇ ಅಲ್ಲ. ಬೆಳಕು ಬಂದು ಬೀಳುವುದಕ್ಕೆ ಅಲ್ಲಿ ಅವಕಾಶವಾಗುತ್ತದೆ. ನೀಳ ಮಸೂರವು ಕೀಟದ ಹಿಂದಿನ ನೋಟದ ಕಿರಿದಾದ ಭಾಗವನ್ನು ಮಾತ್ರ ಹಿಡಿಯುವುದರಿಂದ ಹಿನ್ನೆಲೆಯೂ ಶಾಂತವಾಗಿ ತೋರುತ್ತದೆ. ಹಾಗೆಂದು ಅತಿ ನೀಳವಾದದ್ದೇ ಮೇಲೆಂದು ತಿಳಿಯಬಾರದು. 180–200 ಮಿ.ಮೀ. ಮಸೂರಗಳಲ್ಲಿ ಹಲವು ಒಂದು ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತವೆ, ಬೆಲೆಯೂ ಹೆಚ್ಚು; ಅವನ್ನು ಕೈಯಲ್ಲೇ ಹಿಡಿದು ನಡುಕವಿಲ್ಲದೆ ಚಿತ್ರ ತೆಗೆಯಲು ಬಹಳ ಅಭ್ಯಾಸ ಬೇಕು.

ಸ್ಫುಟತೆಯ ಆಳ

ಗಿಡ್ಡ ಮಸೂರದಲ್ಲಿ ಕೀಟದ ಹೆಚ್ಚು ಭಾಗ ಸ್ಫುಟವಾಗಿ ಮೂಡುತ್ತದೆ ಎಂಬ ನಂಬಿಕೆಯೊಂದುಂಟು. ದೂರದ ದೃಶ್ಯಗಳನ್ನು ಒಂದೇ ಜಾಗದಲ್ಲಿ ನಿಂತು ತೆಗೆಯುವಾಗ ಅದು ನಿಜ. ಆದರೆ ಕೀಟವನ್ನು ಒಂದೇ ಗಾತ್ರದಲ್ಲಿ ಮೂಡಿಸುವಾಗ ಸ್ಫುಟತೆಯ ಆಳವನ್ನು ನಿರ್ಣಯಿಸುವುವು ಎರಡೇ: ವರ್ಧನ ಮತ್ತು ಮಸೂರದ ಬೆಳಕಿಂಡಿಯ ಸಂಖ್ಯೆ. ಸಂಗಮದೂರಕ್ಕೆ ಅಲ್ಲಿ ಹೆಚ್ಚಿನ ಪಾತ್ರವಿಲ್ಲ. ದೊಡ್ಡ ಫಲಕದ ಮೇಲೆ 0.03 ಮಿ.ಮೀ.ವರೆಗಿನ ಮಸುಕನ್ನು ಸಹಿಸಬಹುದೆಂಬ ರೂಢಿಯ ಲೆಕ್ಕದಂತೆ, ಎಫ್/8ರಲ್ಲಿ 1:1ರ ಚಿತ್ರದ ಸ್ಫುಟತೆಯ ಆಳ ಸುಮಾರು 1 ಮಿ.ಮೀ.; 1:2ರಲ್ಲಿ ಸುಮಾರು 3 ಮಿ.ಮೀ. 50 ಮಿ.ಮೀ. ಮಸೂರಕ್ಕೂ 200 ಮಿ.ಮೀ. ಮಸೂರಕ್ಕೂ ಈ ಲೆಕ್ಕ ಒಂದೇ. ಹೆಚ್ಚು ಆಳ ಸಿಗುವುದೆಂಬ ಆಸೆಯಿಂದ ಗಿಡ್ಡ ಮಸೂರವನ್ನು ಕೊಂಡವರು ತೆರವನ್ನು ಕಳೆದುಕೊಳ್ಳುತ್ತಾರೆ, ಆಳವನ್ನು ಪಡೆಯುವುದಿಲ್ಲ.

ಬೆಳಕಿಂಡಿಯನ್ನು ಮತ್ತಷ್ಟು ಕಿರಿದುಮಾಡಿ ಎಫ್/16ಕ್ಕೆ ತಂದರೆ ಆಳ ಎರಡರಷ್ಟಾಗುತ್ತದೆ, ನಿಜ. ಅಲ್ಲಿ ಬೆಳಕಿನ ಸ್ವಭಾವವೇ ಅಡ್ಡ ಬರುತ್ತದೆ. ಕಿರುಕಿಂಡಿಯ ಮೂಲಕ ಹಾದ ಬೆಳಕು ವಿವರ್ತನೆಯಿಂದ ಹರಡಿ, ಬಿಂದುವಾಗಬೇಕಾದದ್ದು ಚಿಕ್ಕ ಬಿಲ್ಲೆಯಾಗುತ್ತದೆ. ಇದರೊಡನೆ ಇನ್ನೊಂದು ಸಂಗತಿ ಸೇರುತ್ತದೆ: 1:1ರಲ್ಲಿ ಸರಳ ಮಸೂರದಿಂದ ಫಲಕಕ್ಕಿರುವ ದೂರ ಇಮ್ಮಡಿಯಾಗುವುದರಿಂದ ಎಫ್/8 ಎಂದು ಹೊಂದಿಸಿದ ಕಿಂಡಿ ಎಫ್/16ರಂತೆ, ಎಫ್/16 ಎಂದು ಹೊಂದಿಸಿದ್ದು ಎಫ್/32ರಂತೆ ವರ್ತಿಸುತ್ತದೆ. ಹಸಿರು ಬೆಳಕಿಗೆ ಲೆಕ್ಕ ಹಾಕಿದರೆ ಆ ಬಿಲ್ಲೆಯ ವ್ಯಾಸ ಮೊದಲನೆಯದರಲ್ಲಿ ಸುಮಾರು 0.021 ಮಿ.ಮೀ., ಎರಡನೆಯದರಲ್ಲಿ ಸುಮಾರು 0.043 ಮಿ.ಮೀ. ನಾವು ಸಹಿಸಬಹುದೆಂದುಕೊಂಡ ಮಸುಕನ್ನು ಅದು ಮೀರಿತು. ಆದುದರಿಂದ 1:1ರ ಸಮೀಪದಲ್ಲಿ ಎಫ್/8ರಿಂದ ಎಫ್/11ರವರೆಗೆ ಇಟ್ಟುಕೊಳ್ಳುವುದು ಲೇಸು. ಕೀಟದ ಮೈ ಫಲಕಕ್ಕೆ ಸಮಾನಾಂತರವಾಗುವಂತೆ ನಾವು ಪಕ್ಕಕ್ಕೆ ಸರಿದು ನಿಂತರೆ, ಆ ಒಂದು ಮಿ.ಮೀ. ಆಳದಲ್ಲಿಯೇ ಡ್ಯಾಮ್ಸೆಲ್‌ಫ್ಲೈಯ ಕಣ್ಣಿನಿಂದ ಬಾಲದ ತುದಿಯವರೆಗೆ ಸ್ಫುಟವಾಗಿ ಮೂಡಿಸಬಹುದು.

ಇದರಿಂದ ಕೊಳ್ಳುವವರಿಗೆ ಒಂದು ಸೂಚನೆ ದೊರೆಯಿತು. ಕಿಂಡಿ ಬಹು ಅಗಲವಾಗಿ ತೆರೆಯುತ್ತದೆಂಬ ಕಾರಣಕ್ಕೆ ಹೆಚ್ಚು ಹಣ ತೆರುವುದು ಕೀಟಚಿತ್ರಕ್ಕೆ ಅನಾವಶ್ಯಕ. ನಾವು ಅದನ್ನು ತೆರೆಯುವುದೇ ಅಪರೂಪ.

ಬೆಳಕಿನ ಕೊರತೆ

ಮೇಲೆ ಹೇಳಿದ ಕಾರಣದಿಂದಲೇ 1:1ರಲ್ಲಿ ಫಲಕವನ್ನು ತಲಪುವ ಬೆಳಕು ದೂರದ ದೃಶ್ಯಕ್ಕೆ ದೊರೆಯುವುದರ ನಾಲ್ಕರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಕಿಂಡಿಯನ್ನೂ ಕಿರಿದುಮಾಡಿದ್ದೇವೆ. ಗಾಳಿಗೆ ಜೊಂಡು ತೂಗುತ್ತಿದೆ. ಇಂಥಲ್ಲಿ ಒಂದು ಚಿಕ್ಕ ಫ್ಲಾಷ್ ದೀಪ ಬಹು ಉಪಕಾರಿ. ಶಕ್ತಿಯನ್ನು ತಗ್ಗಿಸಿ ಉರಿಸಿದಾಗ ಅದರ ಮಿಂಚು ಸೆಕೆಂಡಿನ ಕೆಲವು ಸಾವಿರದಲ್ಲೊಂದು ಭಾಗದಷ್ಟು ಕಾಲ ಮಾತ್ರ ಇರುವುದರಿಂದ ಅಲುಗಾಟ ಚಿತ್ರದಲ್ಲಿ ಮೂಡುವುದಿಲ್ಲ. ದೀಪದ ಮುಂದೆ ಬಿಳಿಯ ಕಾಗದವನ್ನೋ ತೆಳು ಬಟ್ಟೆಯನ್ನೋ ಕಟ್ಟಿದರೆ ಬೆಳಕು ಮೃದುವಾಗಿ, ಜೀರುಂಡೆಯ ಹೊಳೆಯುವ ಬೆನ್ನಿನ ಮೇಲೂ ಬಣ್ಣ ಉಳಿಯುತ್ತದೆ. ಇದಕ್ಕೂ ಮೂತಿಯ ಮುಂದೆ ತೆರವು ಬೇಕು. ಐದು ಸೆಂ.ಮೀ. ತೆರವಿನಲ್ಲಿ ಮಸೂರದ ನೆರಳೇ ಕೀಟವನ್ನು ಮುಚ್ಚುತ್ತದೆ.

ಕೊಳ್ಳುವುದಕ್ಕೆ ಮೊದಲು

ಹಣ ಕೂಡುವವರೆಗೆ ಸುಮ್ಮನಿರಬೇಕಾಗಿಲ್ಲ. ಕ್ಯಾಮೆರಾಕ್ಕೂ ಮಸೂರಕ್ಕೂ ನಡುವೆ ಸೇರಿಸುವ, ಗಾಜಿಲ್ಲದ ಟೊಳ್ಳು ನಳಿಕೆಗಳು ದೊರೆಯುತ್ತವೆ. ಬರಿಯ ನಳಿಕೆಗಳಾದರೆ ಕೆಲವು ನೂರು ರೂಪಾಯಿಗಳಿಗೇ ಸಿಕ್ಕಾವು. ದೂರಕ್ಕೆ ಹೊಂದಿಸಿದ ಮಸೂರಕ್ಕೆ ನಳಿಕೆ ಸೇರಿಸಿದಾಗ ಆಗುವ ವರ್ಧನ, ನಳಿಕೆಯ ಉದ್ದವನ್ನು ಸಂಗಮದೂರದಿಂದ ಭಾಗಿಸಿದಷ್ಟು. ಸಾಮಾನ್ಯವಾದ 50 ಮಿ.ಮೀ. ಮಸೂರಕ್ಕೆ 25 ಮಿ.ಮೀ. ನಳಿಕೆ ಸೇರಿಸಿದರೆ 1:2, 50 ಮಿ.ಮೀ. ಸೇರಿಸಿದರೆ 1:1. ತೆರವು ಕಿರಿದೇ; ವಿದ್ಯುತ್ ಸಂಪರ್ಕವಿಲ್ಲದ ಅಗ್ಗದ ನಳಿಕೆಗಳಲ್ಲಿ ಕಿಂಡಿಯನ್ನು ಕ್ಯಾಮೆರಾದಿಂದ ಹೊಂದಿಸಲೂ ಆಗದು. ಆದರೂ ತಾವು ಯಾವ ಕೀಟಗಳನ್ನು ಹೆಚ್ಚಾಗಿ ಹುಡುಕುತ್ತೀರಿ, ಎಷ್ಟು ಹತ್ತಿರ ಹೋಗಬಲ್ಲಿರಿ ಎಂಬುದು ಒಂದೆರಡು ತಿಂಗಳಲ್ಲಿ ತಿಳಿದುಬರುತ್ತದೆ. ಚಿಟ್ಟೆಗಳಲ್ಲಿಯೇ ಆಸಕ್ತಿಯಿದ್ದು 200 ಮಿ.ಮೀ. ಜೂಮ್ ಮಸೂರವಿದ್ದವರು ಅದರ ಮುಂದೆ 2 ಡಯಾಪ್ಟರ್ ಶಕ್ತಿಯ ಸೇರುಮಸೂರವನ್ನು ಜೋಡಿಸಿದರೆ, ಅರ್ಧ ಮೀಟರು ದೂರದಿಂದಲೇ 0.4ರ ವರ್ಧನ ದೊರೆಯುತ್ತದೆ. ಅವರಿಗೆ ಬೇರೆ ಮಸೂರವೇ ಬೇಡವಾಗಬಹುದು. ಮೊಬೈಲ್ ಫೋನುಗಳೂ ಕೆಲವು ಎರಡು ಮೂರು ಸೆಂ.ಮೀ. ದೂರದಿಂದ ಚಿತ್ರ ತೆಗೆಯಬಲ್ಲುವು. ನಿಧಾನವಾಗಿ ಚಲಿಸುವ ಕಂಬಳಿಹುಳುವಿಗೆ ಅದು ಸಾಕು.

ಬೆಳಗಿನ ತಂಪು ಕೂಡ ಒಂದು ಬಗೆಯಲ್ಲಿ ಮಸೂರದ ಕೆಲಸವನ್ನೇ ಮಾಡುತ್ತದೆ. ಹಾರುವ ಸ್ನಾಯುಗಳು ತಕ್ಕಷ್ಟು ಬೆಚ್ಚಗಾಗುವ ತನಕ ಡ್ಯಾಮ್ಸೆಲ್‌ಫ್ಲೈ ಸುಲಭವಾಗಿ ಏಳಲಾರದು. ಇಬ್ಬನಿ ಆರುವ ಮುನ್ನ ಹೋದವರು ಮಧ್ಯಾಹ್ನ ಹೋದವರಿಗಿಂತ ಹತ್ತಿರ ಸರಿಯಬಲ್ಲರು. ಕೀಟವನ್ನು ಹಿಡಿದು ತಂದು ಶೀತಪೆಟ್ಟಿಗೆಯಲ್ಲಿಟ್ಟು ಮಂಕುಮಾಡುವ ಪದ್ಧತಿಯನ್ನು ಮಾತ್ರ ನಾವು ಒಪ್ಪುವುದಿಲ್ಲ. ಅದರಿಂದ ಕೀಟಕ್ಕೆ ಕೇಡಾಗಬಹುದು. ಚಿತ್ರ ತೋರಿಸುವ ಭಂಗಿಯೂ ಇರವೂ ಅದರ ಸಹಜ ಬಾಳಿನವಾಗಿರುವುದಿಲ್ಲ.

ಯಾವುದನ್ನು ಆರಿಸಬೇಕು?

ಇಷ್ಟನ್ನೂ ಕೂಡಿಸಿ ನೋಡಿದರೆ, ಕೀಟಗಳಿಗಾಗಿ ಒಂದೇ ಮಸೂರವನ್ನು ಕೊಳ್ಳಬಲ್ಲ ವಿದ್ಯಾರ್ಥಿಗೆ 90ರಿಂದ 105 ಮಿ.ಮೀ. ಸಂಗಮದೂರದ, 1:1 ವರ್ಧನದ ಮಸೂರ ಹೊಂದುತ್ತದೆ. ಇದರ ತೂಕ ಸಾಮಾನ್ಯವಾಗಿ 600–700 ಗ್ರಾಂ ಆಸುಪಾಸು. ಕೈಯಲ್ಲಿ ಹಿಡಿದು ನಡೆಯಬಹುದು. ಸಂವೇದಕ ಫಲಕ ಚಿಕ್ಕದಾಗಿ, 24 ಮಿ.ಮೀ. ಅಗಲ ಮಾತ್ರ ಇರುವ ಕ್ಯಾಮೆರಾದವರಿಗೆ ಇನ್ನೊಂದು ಅನುಕೂಲವಿದೆ. 36 ಮಿ.ಮೀ. ಉದ್ದದ ಡ್ಯಾಮ್ಸೆಲ್‌ಫ್ಲೈ ಅವರ ಚೌಕಟ್ಟನ್ನು ತುಂಬುವುದಕ್ಕೆ 2:3ರ ವರ್ಧನವೇ ಸಾಕು. 100 ಮಿ.ಮೀ. ಸರಳ ಮಸೂರದ ಲೆಕ್ಕದಲ್ಲಿ ಅವರು 200ರ ಬದಲು 250 ಮಿ.ಮೀ. ದೂರದಲ್ಲಿ ನಿಲ್ಲಬಹುದು.

ತಾನೇ ತಾನಾಗಿ ಬಿಂಬವನ್ನು ಹೊಂದಿಸಿಕೊಳ್ಳುವ ಏರ್ಪಾಡು ಇಲ್ಲದ ಹಳೆಯ ಮಸೂರ ಕಡಿಮೆ ಬೆಲೆಗೆ ದೊರೆತರೆ ಹಿಂಜರಿಯಬೇಕಾಗಿಲ್ಲ. 1:1ರ ಸಮೀಪದಲ್ಲಿ ಮಸೂರವನ್ನು ಒಂದು ಜಾಗಕ್ಕೆ ಹೊಂದಿಸಿಟ್ಟು, ನಾವೇ ಕ್ಯಾಮೆರಾದೊಡನೆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯುವುದೇ ಅನುಭವಿಗಳ ಕ್ರಮ. ಕೊಳ್ಳುವಾಗ ಗಾಜಿನ ಮೇಲೆ ಬೂಷ್ಟು ಹಬ್ಬಿದೆಯೇ, ಕಿಂಡಿಯ ತಗಡುಗಳು ಸರಾಗವಾಗಿ ಮುಚ್ಚಿ ತೆರೆಯುತ್ತವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ನಮ್ಮ ಮಳೆಗಾಲದ ತೇವದಲ್ಲಿ ಬೂಷ್ಟು ಬಹು ಬೇಗ ಬೆಳೆಯುತ್ತದೆ. ಅಂಗಡಿಯಲ್ಲಿ ಸಾಧ್ಯವಾದರೆ ಮಸೂರವನ್ನು 1:1ಕ್ಕೆ ಹೊಂದಿಸಿ, ಅಳತೆಪಟ್ಟಿಯೊಂದರ ಮುಂದೆ ಹಿಡಿದು, ಮೂತಿಯಿಂದ ಪಟ್ಟಿಗೆ ಎಷ್ಟು ಸೆಂ.ಮೀ. ಇದೆಯೆಂದು ತಾವೇ ಅಳೆದುಕೊಳ್ಳಿರಿ. ಒಂದು ನಿಮಿಷದ ಕೆಲಸವದು. ನಾವು ಅದನ್ನು ಮಾಡಿರಲಿಲ್ಲ.

ಆ ಗಿಡ್ಡ ಮಸೂರವನ್ನು ಎರಡು ವರ್ಷಗಳ ಬಳಿಕ ಮಾರಿ, ಬಂದ ಹಣಕ್ಕೆ ಮತ್ತಷ್ಟು ಸೇರಿಸಿ 100 ಮಿ.ಮೀ. ಮಸೂರವನ್ನು ಕೊಂಡೆವು. ಅದೇ ಕೆರೆಯ ದಂಡೆಗೆ ಸೂರ್ಯೋದಯಕ್ಕೆ ಮೊದಲೇ ಹೋಗಿ, ಒದ್ದೆ ಹುಲ್ಲಿನ ಮೇಲೆ ಮೊಣಕಾಲೂರಿ ಕುಳಿತೆವು. ಜೊಂಡಿನ ಮೇಲೆ ಒಂದು ಗಂಡು ಡ್ಯಾಮ್ಸೆಲ್‌ಫ್ಲೈ ರೆಕ್ಕೆಗಳನ್ನು ಬೆನ್ನಿನ ಮೇಲೆ ಕೂಡಿಸಿಕೊಂಡು ಕುಳಿತಿತ್ತು. ಒಂದು ಗೇಣಿಗೂ ಕಡಿಮೆ ದೂರದಿಂದ ಹನ್ನೊಂದು ಚಿತ್ರಗಳನ್ನು ತೆಗೆದೆವು; ಅವುಗಳಲ್ಲಿ ಎರಡರಲ್ಲಿ ಬಾಲದ ತುದಿಯ ಚಿಮಟ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿತ್ತು. ಬಿಸಿಲೇರಿದ ಮೇಲೆ ಅದು ರೆಕ್ಕೆಯನ್ನು ಒಂದೆರಡು ಸಲ ಬಿಚ್ಚಿ ಮುಚ್ಚಿ, ನೀರಿನ ಕಡೆಗೆ ಹಾರಿಹೋಯಿತು.